ಗಾಜಿನ ಬಾಗಿಲೊಳಗಿನ ಹೆಸರು

ಸಾಂಕ್ರಾಮಿಕ ಇದ್ದಾಗ ಎಲ್ಲರಿಗೂ ಕೆಲಸವಿತ್ತು. ಅದು ಹೋದ ಮೇಲೆ ಅದರ ಕಾಗದಗಳಿಗೆ ಒಂದು ಗತಿ ಕಾಣಿಸುವ ಕೆಲಸ ಉಳಿಯಿತು, ಅದು ನನ್ನ ಪಾಲಿಗೆ ಬಂತು. ಆಗ ನಾನು ಠಾಣೆ ನಗರದಿಂದ ಆಚೆಗೆ, ರೈಲ್ವೆ ಲೈನಿನ ಗುಂಟ ಇರುವ ಪಾಲಿಕೆಗಳಲ್ಲಿ ಒಂದರಲ್ಲಿ ಸಹಾಯಕ ಕಾನೂನು ಅಧಿಕಾರಿಯಾಗಿದ್ದೆ. ಹನ್ನೊಂದು ತಿಂಗಳ ಗುತ್ತಿಗೆಯ ನೌಕರಿ. ಯಾವ ಪಾಲಿಕೆ ಎಂದು ಹೇಳುವುದಿಲ್ಲ. ಹೇಳಿದರೂ ಹೆಚ್ಚು ವ್ಯತ್ಯಾಸವಾಗದು, ಏಕೆಂದರೆ ಹಂದಿಜ್ವರ ಬಂದ ಆ 2009ರ ಮಳೆಗಾಲದಲ್ಲಿ ಎಲ್ಲರೂ ಎಲ್ಲರ ಸುತ್ತೋಲೆಗಳನ್ನೂ ನೋಡಿ ನಕಲು ಮಾಡುತ್ತಿದ್ದರು.

ಮರುವರ್ಷ ಬೇಸಿಗೆ ಹತ್ತಿರವಾದಾಗ ಮೇಲಿನಿಂದ ಪತ್ರ ಬಂತು. ಜ್ವರದ ಕಾಲದಲ್ಲಿ ಯಾವ ಯಾವ ಆದೇಶ ಹೊರಡಿಸಿದಿರಿ, ಅವುಗಳ ಸ್ಥಿತಿ ಏನು, ಮುಂದೆ ಇಂಥದೇ ಮತ್ತೊಂದು ಬಂದರೆ ಅನುಸರಿಸಲು ಒಂದು ಸ್ಥಾಯಿ ನಿಯಮಾವಳಿಯ ಕರಡು ಕಳಿಸಿ, ಎಂದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ದಿಡ್ಡಿ ಬಾಗಿಲೆಂದರೆ ದಿಡ್ಡಿ ಬಾಗಿಲೇ, ಯಾರಾದರೂ ಹಾಕಬೇಕು. ಆರೋಗ್ಯ ವಿಭಾಗ, ಶಿಕ್ಷಣ ವಿಭಾಗ, ವಾರ್ಡ್ ಕಚೇರಿಗಳಿಂದ ಫೈಲುಗಳನ್ನು ತರಿಸಿ ಮೇಜಿನ ಮೇಲೆ ಪೇರಿಸಿಕೊಂಡೆ.

ಮೊದಲು ಕಂಡದ್ದು ನಗು ಬರಿಸುವ ಸಂಗತಿ. ಆದೇಶ ಹೊರಡಿಸುವಾಗ ಎಲ್ಲರೂ ಓಡಿ ಓಡಿ ಹೊರಡಿಸಿದ್ದರು, ಹಿಂಪಡೆಯಲು ಯಾರಿಗೂ ನೆನಪಾಗಿರಲಿಲ್ಲ. ಶಾಲೆಗಳ ಆದೇಶಕ್ಕೆ ಮಾತ್ರ ಕೊನೆಯ ದಿನಾಂಕವಿತ್ತು. ಉಳಿದವುಗಳ ಕೆಳಗೆ ‘ಮುಂದಿನ ಆದೇಶದವರೆಗೆ’ ಎಂದಷ್ಟೇ ಇತ್ತು, ಮುಂದಿನ ಆದೇಶ ಬಂದೇ ಇರಲಿಲ್ಲ. ಕಾಗದದ ಪ್ರಕಾರ ನಮ್ಮ ವ್ಯಾಪ್ತಿಯ ಸಿನಿಮಾ ಮಂದಿರಗಳೆಲ್ಲ ಇನ್ನೂ ಮುಚ್ಚಿದ್ದವು. ನಾನು ಹಿಂದಿನ ಭಾನುವಾರವಷ್ಟೇ ಅವುಗಳಲ್ಲೊಂದರಲ್ಲಿ ಕೂತು ಸಮೋಸ ತಿಂದು ಬಂದಿದ್ದೆ. ಇದನ್ನು ನಮ್ಮ ವೈದ್ಯಾಧಿಕಾರಿಗೆ ಫೋನಿನಲ್ಲಿ ಹೇಳಿ ಇಬ್ಬರೂ ನಕ್ಕೆವು. ಆ ನಗು ಎರಡು ದಿನ ಉಳಿಯಿತು.

ಮೂರನೆಯ ದಿನ ಮಧ್ಯಾಹ್ನ ನಾನು ಮೈಸೂರಿನಲ್ಲಿರುವ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬರು ಎದ್ದು ಒಳಗೆ ಬಂದರು. ಐವತ್ತರ ಆಸುಪಾಸು, ನೂಲಿನ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್.

“ನೀವು ಕನ್ನಡದವ್ರಾ? ಒಳ್ಳೇದಾಯ್ತು. ಮರಾಠಿಲಿ ನಂಗೆ ಜಗಳ ಮಾಡ್ಲಿಕ್ಕೆ ಬರ್ತದೆ, ಬೇಜಾರು ಹೇಳ್ಲಿಕ್ಕೆ ಬರುದಿಲ್ಲ.”

ಕೂರಲು ಹೇಳಿದೆ. ಅವರು ಫೋಲ್ಡರಿನಿಂದ ಒಂದು ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟರು. ನಮ್ಮದೇ ಸುತ್ತೋಲೆ. ನಾಲ್ಕನೆಯ ಪ್ಯಾರಾಕ್ಕೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

“ಇದು ಬರ್ದದ್ದು ಯಾರು ಅಂತ ಒಮ್ಮೆ ನೋಡ್ವ ಅಂತ ಬಂದದ್ದು.”

ಬರೆದದ್ದು ನಾನೇ. ಆದರೆ ಆ ಕ್ಷಣಕ್ಕೆ ಬಾಯಿ ಬಿಡಲಿಲ್ಲ. “ಏನಾಯಿತು ಹೇಳಿ ಅಕ್ಕ” ಎಂದೆ.

ಉಡುಪಿಯ ಕಡೆಯವರು. ಗಂಡ ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರು. ಇವರು ತಮ್ಮ ಫ್ಲಾಟಿನಲ್ಲೇ ಪಾಳಣಾಘರ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಮನೆ, ನಡೆಸುತ್ತಿದ್ದರು. ಆ ಕಡೆಯ ಲೋಕಲ್ ರೈಲುಗಳಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ನೇತಾಡಿಕೊಂಡು ಹೋಗುವ ತಾಯಂದಿರೆಲ್ಲ ಮಕ್ಕಳನ್ನು ಬಿಟ್ಟು ಹೋಗುವುದು ಇಂಥ ಮನೆಗಳಲ್ಲೇ. ಹನ್ನೊಂದು ವರ್ಷದಿಂದ ನಡೆಸಿದ್ದರು. ಹಾಲುಗಲ್ಲದವರಾಗಿ ಬಂದವರು ಈಗ ಹೈಸ್ಕೂಲಿನಲ್ಲಿದ್ದರು. ಸ್ವಂತ ಮಕ್ಕಳಿಲ್ಲ. ಅದನ್ನು ಅವರು ಹೇಳಿದ್ದು ಹೇಳಲೇಬೇಕೆಂದಲ್ಲ, ಲೆಕ್ಕ ಸರಿಯಾಗಲಿ ಎಂಬಂತೆ.

ಹಿಂದಿನ ಆಗಸ್ಟಿನಲ್ಲಿ ಅವರಿಗೆ ಜ್ವರ ಬಂದಿತ್ತು. ಬಂದ ದಿನವೇ ಪಾಳಣಾಘರ್ ಮುಚ್ಚಿದರು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಗಂಟಲಿನ ಮಾದರಿ ಕೊಟ್ಟರು, ಐದು ದಿನ ಮಾತ್ರೆ ನುಂಗಿ ಮಲಗಿದರು. ಹಂದಿಜ್ವರ ಹೌದು ಎಂಬ ವರದಿ ಬಂದಾಗ ಜ್ವರ ಬಿಟ್ಟು ವಾರ ಕಳೆದಿತ್ತು. ಮಕ್ಕಳಲ್ಲಿ ಯಾರಿಗೂ ಬರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವರದಿ ಬಂದ ಮರುದಿನ ಅವರ ಕಟ್ಟಡದ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ, ಗಾಜಿನ ಬಾಗಿಲಿನ ಹಿಂದೆ, ಅವರ ಹೆಸರು ಮತ್ತು ಫ್ಲಾಟಿನ ನಂಬರು ಕಾಣಿಸಿಕೊಂಡವು. ‘ಪಾಲಿಕೆಯ ಆದೇಶಾನುಸಾರ ಸದಸ್ಯರ ಮಾಹಿತಿಗಾಗಿ’ ಎಂಬ ತಲೆಬರಹ. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಡಿಸೆಂಬರಿನಲ್ಲಿ ಸೊಸೈಟಿಯವರು ವಿಶೇಷ ಸಭೆ ಕರೆದು, ಸಾಂಕ್ರಾಮಿಕ ರೋಗದ ಕಾರಣ ಆ ಫ್ಲಾಟಿನಲ್ಲಿ ಪಾಳಣಾಘರ್ ನಡೆಸಕೂಡದು ಎಂದು ಠರಾವು ಮಾಡಿದರು.

“ನಂಗೆ ಜ್ವರ ಬಂದದ್ದು ನಿಜ. ಅದ್ರಲ್ಲಿ ನಾಚಿಕೆ ಎಂತದ್ದು? ಆದ್ರೆ ಜ್ವರ ಹೋದದ್ದೂ ನಿಜ ಅಲ್ವಾ. ಬೋರ್ಡಲ್ಲಿ ಹೆಸ್ರು ಈಗ್ಲೂ ಉಂಟು ಮೇಡಂ. ಹಾಲಿನವನೂ ಓದ್ತಾನೆ.” ಜೆರಾಕ್ಸನ್ನು ತಮ್ಮ ಕಡೆ ಎಳೆದುಕೊಂಡರು. “ಜೂನಿನ ಒಳಗೆ ಮಕ್ಕಳು ಬರದಿದ್ರೆ ಮತ್ತೆ ಬರುದಿಲ್ಲ. ತಾಯಂದಿರು ಆಗ ಬೇರೆ ಕಡೆ ಸೆಟ್ಲ್ ಮಾಡಿ ಬಿಡ್ತಾರೆ. ಆಮೇಲೆ ನಂಗೆ ಮನೆಯಲ್ಲಿ ಎಂತ ಕೆಲ್ಸ?”

ಸಹಕಾರ ಇಲಾಖೆಯ ಉಪ ನಿಬಂಧಕರಿಗೆ ಅವರು ಆಗಲೇ ಅರ್ಜಿ ಕೊಟ್ಟಿದ್ದರು. ಸೊಸೈಟಿ ಮೊದಲನೆಯ ಎದುರುದಾರರು, ಪಾಲಿಕೆ ಎರಡನೆಯದು. ಅಂದರೆ ನಾನು ಅವರ ಎದುರು ಪಕ್ಷ. ಇದನ್ನು ಹೇಳಿದಾಗ ಅವರು, “ಗೊತ್ತುಂಟು. ಆದ್ರೂ ಕನ್ನಡ ಕೇಳಿತಲ್ಲ, ಅದಕ್ಕೆ ಒಳಗೆ ಬಂದದ್ದು” ಎಂದರು.

ನಾಲ್ಕನೆಯ ಪ್ಯಾರಾ ಹೇಗೆ ಹುಟ್ಟಿತು ಎಂದು ನನಗೆ ಚೆನ್ನಾಗಿ ನೆನಪಿತ್ತು. ಮಾತ್ರೆ ಹಂಚಲು ಹೋದ ಆರೋಗ್ಯ ತಂಡಗಳನ್ನು ಸೊಸೈಟಿಗಳ ವಾಚ್‌ಮನ್‌ಗಳು ಗೇಟಿನಲ್ಲೇ ತಡೆಯುತ್ತಿದ್ದರು. ತಂಡವನ್ನು ಒಳಗೆ ಬಿಡಿಸಬೇಕೆಂದರೆ ಸೆಕ್ರೆಟರಿಗೆ ವಿಷಯ ಗೊತ್ತಿರಬೇಕು. ಹಾಗಾಗಿ, ರೋಗ ದೃಢಪಟ್ಟವರ ಹೆಸರು ಮತ್ತು ಫ್ಲಾಟ್ ನಂಬರನ್ನು ಸೊಸೈಟಿಯ ಪದಾಧಿಕಾರಿಗಳಿಗೆ ತಿಳಿಸತಕ್ಕದ್ದು ಎಂದು ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ವಾಕ್ಯ ಬೋಳುಬೋಳಾಗಿ ಕಂಡಿತು. ‘ಪದಾಧಿಕಾರಿಗಳು ಸದಸ್ಯರ ಮಾಹಿತಿಗಾಗಿ ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು’ ಎಂದು ಬಾಲ ಸೇರಿಸಿದೆ. ಕಚೇರಿಗಳಲ್ಲಿ ವಾಕ್ಯಗಳಿಗೆ ಇಂಥ ಬಾಲ ಅಂಟಿಸುವುದು ರೂಢಿ.

ಆ ಸಂಜೆ ರೈಲು ಹಿಡಿಯುವ ಮೊದಲು ಅವರ ಸೊಸೈಟಿಗೆ ಹೋಗಿ ಬೋರ್ಡು ನೋಡಿದೆ. ಮೆಟ್ಟಿಲ ಬುಡದಲ್ಲಿ, ಲೆಟರ್ ಬಾಕ್ಸುಗಳ ಮೇಲೆ ಇತ್ತು. ನೀರು ಬಿಡುವ ಸಮಯ, ಲಿಫ್ಟ್ ರಿಪೇರಿ, ಸತ್ಯನಾರಾಯಣ ಪೂಜೆಯ ಆಮಂತ್ರಣ, ಪ್ಯಾಸೇಜಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟವರ ಹೆಸರುಗಳು, ಅವುಗಳ ನಡುವೆ ಅಕ್ಕನ ಹೆಸರು. ಕಾಗದ ಹಳದಿಯಾಗಿತ್ತು.

ನನಗೆ ಇದು ಗೊತ್ತಿರಬೇಕಿತ್ತು. ಡೊಂಬಿವಲಿಯಲ್ಲಿ ನನ್ನದೇ ಸೊಸೈಟಿಯ ಕಮಿಟಿಯಲ್ಲಿ ನಾನು ಮೂರು ವರ್ಷದಿಂದ ಇದ್ದೆ, ಬೋರ್ಡಿನ ಬೀಗದ ಕೈ ನಮ್ಮ ಮನೆಯ ಮೊಳೆಗೇ ನೇತಾಡುತ್ತಿತ್ತು. ಈ ಕಡೆಯ ಸೊಸೈಟಿಗಳಲ್ಲಿ ಸದಸ್ಯರಿಗೆ ತಿಳಿಸುವುದು ಎಂದರೆ ಒಂದೇ ಅರ್ಥ: ಬೋರ್ಡಿಗೆ ಹಾಕುವುದು. ಹಾಕದಿದ್ದರೆ ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು, ನಮಗೇಕೆ ತಿಳಿಸಲಿಲ್ಲ ಎಂದು ಕಮಿಟಿಯ ಗ್ರಹಚಾರ ಬಿಡಿಸುತ್ತಾರೆ. ಎಷ್ಟು ಹೆಸರುಗಳನ್ನು ನಾನೇ ಅಂಟಿಸಿಲ್ಲ. ಬಾಲ್ಕನಿಯಿಂದ ಕಸ ಎಸೆದವರು, ಗಾಡಿಯನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದವರು. ಅಂಥ ನಾನು ಕಚೇರಿಯ ಕುರ್ಚಿಯಲ್ಲಿ ಕೂತ ಕೂಡಲೇ ಮನೆಯ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬಂದವಳ ಹಾಗೆ ಬರೆದಿದ್ದೆ.

ಮರುದಿನ ನನ್ನ ಮೇಲಿನ ಅಧಿಕಾರಿಯ ಬಳಿ ಹೋದೆ. ಮುಖ್ಯ ಕಾನೂನು ಅಧಿಕಾರಿ, ಮರಾಠಿಯವರು, ನಿವೃತ್ತಿಗೆ ಎರಡು ವರ್ಷವಿತ್ತು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಪೂರ್ತಿ ಕೇಳಿ, ಚಹಾ ತರಿಸಿ, ಒಂದು ತೆಳ್ಳನೆಯ ಪುಸ್ತಕವನ್ನು ನನ್ನ ಕಡೆ ದೂಡಿದರು. ಸಾಂಕ್ರಾಮಿಕ ರೋಗಗಳ ಕಾಯ್ದೆ, ಪ್ಲೇಗಿನ ಕಾಲದ್ದು, ಬ್ರಿಟಿಷರದ್ದು. ಒಂದು ಹಾಳೆಯ ಎರಡು ಬದಿಯಲ್ಲಿ ಮುಗಿಯುವಷ್ಟು ಚಿಕ್ಕದು.

“ನಾಲ್ಕನೇ ಕಲಮು ಓದಿ ಮ್ಯಾಡಮ್. ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಇಲ್ಲ. ನಿಮ್ಮ ಸದ್ಭಾವನೆಗೆ ನಾನೇ ಸಾಕ್ಷಿ. ಸೊಸೈಟಿ ಮತ್ತು ಸದಸ್ಯರ ನಡುವಿನ ವಿಷಯ ಇದು, ಪಾಲಿಕೆಗೆ ಸಂಬಂಧವಿಲ್ಲ ಅಂತ ಉತ್ತರ ಕೊಡಿ. ಬೇಕಾದರೆ ಸೊಸೈಟಿಗೆ ಒಂದು ವಿನಂತಿ ಪತ್ರ ಬರೆಯಿರಿ.”

ಆ ಕಾಯ್ದೆಯಲ್ಲಿ ಅಧಿಕಾರಿ ಏನೇನು ಮಾಡಬಹುದು ಎಂಬುದಿದೆ, ಹೇಳಿದ್ದನ್ನು ಕೇಳದವರಿಗೆ ಶಿಕ್ಷೆ ಇದೆ, ಅಧಿಕಾರಿಗೆ ರಕ್ಷಣೆ ಇದೆ. ಜ್ವರ ಬಂದವರ ಬಗ್ಗೆ ಒಂದು ಅಕ್ಷರವಿಲ್ಲ, ಅವರು ಗುಣವಾದ ಮೇಲೆ ಏನು ಎಂಬುದು ದೂರದ ಮಾತು. ಇದನ್ನು ನಾನು ಕಾನೂನು ಕಾಲೇಜಿನಲ್ಲಿ ಓದಿದ್ದೆ, ಆದರೆ ಆ ಕೊರತೆಗೆ ಒಂದು ಮುಖ ಇರಬಹುದೆಂದು ಅಂದು ಮೊದಲ ಬಾರಿಗೆ ಅನಿಸಿತು.

ವಿನಂತಿ ಪತ್ರ ಬರೆದೆ. ಉತ್ತರವನ್ನು ಸೊಸೈಟಿಯ ಸೆಕ್ರೆಟರಿ ಸ್ವತಃ ತಂದುಕೊಟ್ಟರು. ರೈಲ್ವೆಯಿಂದ ನಿವೃತ್ತರಾದ ಹಿರಿಯರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಒಬ್ಬ ಕಟುಕನನ್ನು ನಿರೀಕ್ಷಿಸಿದ್ದೆ, ಬಂದದ್ದು ನಿಯಮ ಪಾಲಿಸುವ ಮನುಷ್ಯ.

“ನೀವು ಆದೇಶ ಕೊಟ್ಟು ಹಾಕಿಸಿದಿರಿ. ವಿನಂತಿ ಮಾಡಿ ತೆಗೆಸುತ್ತಿದ್ದೀರಿ. ಹಾಕಿದ್ದು ಆದೇಶವಾದರೆ ತೆಗೆಯೋದಕ್ಕೂ ಆದೇಶ ಬೇಕಲ್ಲವೇ ಮ್ಯಾಡಮ್? ನಾಳೆ ಯಾರಿಗಾದರೂ ಜ್ವರ ಬಂದರೆ ಜನ ನನ್ನನ್ನು ಕೇಳುತ್ತಾರೆ.” ಎದ್ದು ನಿಂತ ಮೇಲೆ ದನಿ ತಗ್ಗಿಸಿ ಹೇಳಿದರು. “ನನ್ನ ಹೆಂಡತಿಗೆ ದಮ್ಮು. ಆ ಎರಡು ತಿಂಗಳು ನಾನು ನಿದ್ದೆ ಮಾಡಿಲ್ಲ. ಆ ಹೆಂಗಸಿನ ಮೇಲೆ ನನಗೆ ದ್ವೇಷವಿಲ್ಲ.”

ರೈಲ್ವೆಯಲ್ಲಿ ಮೂವತ್ತೈದು ವರ್ಷ ಸಿಗ್ನಲ್ ನೋಡಿ ನಡೆದವರು. ಕೆಂಪು ದೀಪ ಹಾಕಿದವರೇ ಹಸಿರು ಹಾಕಬೇಕು ಎಂದು ಅವರು ಕಾಯುತ್ತಿದ್ದರೆ ತಪ್ಪು ಅವರದಲ್ಲ.

ಏಪ್ರಿಲಿನ ಮೊದಲಲ್ಲಿ ಉಪ ನಿಬಂಧಕರ ಕಚೇರಿಯಲ್ಲಿ ವಿಚಾರಣೆ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಸೊಸೈಟಿಯ ವಕೀಲರು ನಮ್ಮ ಸುತ್ತೋಲೆಯನ್ನೇ ಎತ್ತಿ ಹಿಡಿದರು. ಇದು ಇಂದಿಗೂ ಜಾರಿಯಲ್ಲಿದೆ, ಇದರಂತೆ ನಡೆದವರಿಗೆ ಕಾಯ್ದೆಯ ರಕ್ಷಣೆ ಇದೆ, ಠರಾವು ಇದರ ಮುಂದುವರಿಕೆ ಅಷ್ಟೇ ಎಂದರು. ಉಪ ನಿಬಂಧಕರು ಪಾಲಿಕೆಯ ನಿಲುವು ಏನೆಂದು ನನ್ನನ್ನು ಕೇಳಿದರು. ನಾನು ಎದ್ದು, ಟೈಪ್ ಮಾಡಿ ತಂದಿದ್ದ ಹಾಳೆಯನ್ನು ಓದಿದೆ.

“ಇದು ಸೊಸೈಟಿ ಮತ್ತು ಅದರ ಸದಸ್ಯರ ನಡುವಿನ ವಿಷಯ. ಪಾಲಿಕೆಗೆ ಸಂಬಂಧವಿಲ್ಲ.”

ಅಕ್ಕ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಪರಿಚಯದವರು ಕಂಡೂ ಕಾಣದ ಹಾಗೆ ಕೂತಾಗ ನಾವು ನೋಡುವ ನೋಟ ಅದು.

“ಸುತ್ತೋಲೆ ಹಿಂಪಡೆದಿದ್ದೀರಾ?” ಉಪ ನಿಬಂಧಕರು ಕೇಳಿದರು.

“ಇಲ್ಲ.”

“ಹಾಗಾದರೆ ಸಂಬಂಧವಿಲ್ಲ ಅಂತ ಹೇಗೆ ಹೇಳುತ್ತೀರಿ? ಅದು ಜಾರಿಯಲ್ಲಿರುವವರೆಗೆ ನಾನು ಠರಾವು ಮುಟ್ಟುವುದು ಕಷ್ಟ. ಮೇ ಮೊದಲ ವಾರಕ್ಕೆ ಮುಂದೂಡಿದೆ. ಪಾಲಿಕೆ ಸ್ಪಷ್ಟವಾದ ನಿಲುವಿನೊಂದಿಗೆ ಬರಲಿ.”

ಹೊರಗೆ ವರಾಂಡದಲ್ಲಿ ಅಕ್ಕ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಹೇಳಲೇಬೇಕಾಗಿದ್ದನ್ನು ಅಷ್ಟು ದಿನ ಹೇಳಿರಲಿಲ್ಲ.

“ಅಕ್ಕ, ಆ ನಾಲ್ಕನೇ ಪ್ಯಾರಾ ಬರೆದೋಳು ನಾನೇ.”

“ಅದು ನಂಗೆ ಆವತ್ತೇ ಗೊತ್ತಾಯ್ತು. ನಿಮ್ಮ ಮುಖ ನೋಡಿ.” ಬಾಟಲಿಯ ಮುಚ್ಚಳ ತಿರುಗಿಸಿದರು. “ನನ್ನತ್ರ ಹೇಳಿ ಎಂತ ಪ್ರಯೋಜನ ಮೇಡಂ? ಹೇಳ್ಬೇಕಾದಲ್ಲಿ ಹೇಳಿ.”

ಬಿಸಿಲಿನಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಾಗ ನನಗೆ ಬಂದ ಸಿಟ್ಟು ಮೊದಲು ಅವರ ಮೇಲೆ, ಆಮೇಲೆ ಸಾಹೇಬರ ಮೇಲೆ, ಕೊನೆಗೆ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವರು ಅವರು.

ಕಾನೂನಿನ ದಾರಿ ನೇರವಾಗಿಯೇ ಇತ್ತು. ಸೊಸೈಟಿಯ ಠರಾವಿನ ಜೊತೆ ಗುದ್ದಾಡುವುದು ವ್ಯರ್ಥ. ಅದು ನಿಂತಿದ್ದ ನೆಲವೇ ನಮ್ಮ ಸುತ್ತೋಲೆ. ಆಯುಕ್ತರು ಸುತ್ತೋಲೆಯನ್ನು ಹಿಂಪಡೆದು, ಅದರ ಆಧಾರದ ಮೇಲೆ ಪ್ರದರ್ಶಿಸಿದ ಹೆಸರುಗಳನ್ನು ತೆಗೆಯಬೇಕೆಂದು ಆದೇಶಿಸಿದರೆ ಠರಾವು ತಾನಾಗಿ ಕುಸಿಯುತ್ತದೆ. ಆದರೆ ಆಯುಕ್ತರ ಸಹಿ ಬೇಕೆಂದರೆ ಫೈಲಿನಲ್ಲಿ ಟಿಪ್ಪಣಿ ಬೇಕು, ಟಿಪ್ಪಣಿಗೆ ಕಾರಣ ಬೇಕು. ರೋಗ ಕಡಿಮೆಯಾಗಿದೆ ಎಂಬ ಕಾರಣ ಕೊಟ್ಟರೆ ಸಾಲದು. ರೋಗ ಇದ್ದಾಗ ಹೆಸರು ಹಾಕಿದ್ದು ಸರಿಯೇ ಎಂದಾಗಿ ಠರಾವಿಗೆ ಬಲ ಬರುತ್ತದೆ. ಹಾಕಿದ್ದೇ ಸರಿಯಲ್ಲ ಎಂದು ಬರೆಯಬೇಕು. ಹಾಗೆ ಬರೆದರೆ, ಯಾರಿಂದ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ನನ್ನ ಗುತ್ತಿಗೆ ಮುಗಿಯುವುದು ಜೂನಿಗೆ. ನವೀಕರಣದ ಕಾಗದ ಹೋಗುವುದು ಇದೇ ಆಯುಕ್ತರ ಮೇಜಿಗೆ.

ಎರಡು ದಿನ ಏನೂ ಬರೆಯಲಿಲ್ಲ. ಸ್ಥಾಯಿ ನಿಯಮಾವಳಿಯ ಕರಡಿನಲ್ಲಿ ಅಲ್ಪವಿರಾಮಗಳನ್ನು ಅತ್ತಿತ್ತ ಸರಿಸುತ್ತ ಕೂತೆ. ನಾನು ಧೈರ್ಯಸ್ಥೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಮೂರನೆಯ ದಿನ ಬರೆಯತೊಡಗಿದ್ದು ಧೈರ್ಯದಿಂದಲ್ಲ, ಆ ವರಾಂಡದ ಮಾತು ಕಿವಿಯಿಂದ ಹೋಗದ್ದರಿಂದ.

ಮೊದಲು ವೈದ್ಯಾಧಿಕಾರಿಯ ಬಳಿ ಹೋದೆ. ಕೆಲಸ ಮಾಡಿ ಮಾಡಿ ಸೊರಗಿದ್ದ ಹೆಂಗಸು. ಇಂಥ ರೋಗಿಯಿಂದ ಸೋಂಕು ಹರಡುವುದು ಹೆಚ್ಚೆಂದರೆ ವಾರದ ಮಾತು, ಗುಣವಾದವರಿಂದ ಅಪಾಯವಿಲ್ಲ ಎಂದು ನಾಲ್ಕು ಸಾಲು ಬರೆದುಕೊಟ್ಟರು. ಕೊಡುವಾಗ, “ಹೆಸರು ಬೋರ್ಡಿಗೆ ಹೋಗುತ್ತೆ ಅಂತ ಗೊತ್ತಾದ ಮೇಲೆ ಎಷ್ಟು ಜನ ಜ್ವರ ಬಚ್ಚಿಟ್ಟರೋ, ಅದರ ಲೆಕ್ಕ ನನ್ನ ಹತ್ತಿರ ಇಲ್ಲ” ಎಂದರು. ಅದನ್ನೂ ಬರೆದುಕೊಡಿ ಎಂದೆ. ಬರೆದರು. ನನ್ನ ಇಡೀ ಟಿಪ್ಪಣಿಯಲ್ಲಿ ಆಯುಕ್ತರು ಕೆಳಗೆರೆ ಎಳೆದದ್ದು ಆ ಒಂದು ವಾಕ್ಯಕ್ಕೆ ಎಂದು ಆಮೇಲೆ ನೋಡಿದೆ.

ಟಿಪ್ಪಣಿ ಎರಡು ಪುಟವಾಯಿತು. ಸುತ್ತೋಲೆಯ ಉದ್ದೇಶ ಆರೋಗ್ಯ ತಂಡವನ್ನು ಗೇಟಿನೊಳಗೆ ಬಿಡಿಸುವುದಷ್ಟೇ ಆಗಿತ್ತು. ಮಾಹಿತಿಯನ್ನು ಗುಪ್ತವಾಗಿಡಬೇಕೆಂದು ಅದರಲ್ಲಿ ಹೇಳಿರಲಿಲ್ಲ, ಕೊನೆಯ ದಿನಾಂಕ ಇಟ್ಟಿರಲಿಲ್ಲ. ಸೊಸೈಟಿಗಳಲ್ಲಿ ಮಾಹಿತಿ ನೀಡುವ ರೂಢಿ ಬೋರ್ಡಿನ ಮೂಲಕವೇ ಎಂಬುದು ಬರೆದವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು, ಆದರೂ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಇದು ಕರಡು ತಯಾರಿಸಿದ ಸಹಾಯಕ ಕಾನೂನು ಅಧಿಕಾರಿಯ ತಪ್ಪು. ಕೆಳಗೆ ನನ್ನ ಸಹಿ.

ಸಾಹೇಬರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಮ್ಯಾಡಮ್, ಮೂವತ್ತೊಂದು ವರ್ಷ ಆಯಿತು ನನಗೆ ಇಲ್ಲಿ. ಸರ್ಕಾರಿ ಫೈಲಿನಲ್ಲಿ ‘ಚೂಕ್’, ತಪ್ಪಾಯಿತು ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ‘ಸುಧಾರಣೆ ಅಗತ್ಯ’ ಅಂತ ಬರೆಯುತ್ತಾರೆ.”

“ಹಾಗೆ ಬರೆದರೆ ಆ ಅಕ್ಕನ ಹೆಸರು ಹಾಕಿದ್ದು ಸರಿ ಅಂತಲೇ ಉಳಿಯುತ್ತೆ ಸಾಹೇಬ್.”

“ನಿಮ್ಮ ನವೀಕರಣ?”

ನಾನು ಟಿಪ್ಪಣಿಯನ್ನು ಅವರ ಕಡೆ ಇನ್ನಷ್ಟು ಸರಿಸಿದೆ. ಅವರು ಕಿಟಕಿಯ ಕಡೆ ನೋಡುತ್ತ ಪೆನ್ನಿನ ಕ್ಯಾಪು ತಿರುಗಿಸಿದರು.

“ಅವತ್ತು ಈ ಸುತ್ತೋಲೆ ಅರ್ಧ ಗಂಟೆಯಲ್ಲಿ ಬೇಕು ಅಂತ ಹೇಳಿದ್ದು ಯಾರು, ನೆನಪಿದೆಯಾ? ನಾನು. ನೀವು ತಂದು ಕೊಟ್ಟಾಗ ಓದದೆ ಮೇಲೆ ಕಳಿಸಿದ್ದೂ ನಾನೇ.” ನನ್ನ ಸಹಿಯ ಕೆಳಗೆ ‘ಸಹಮತ. ಕರಡನ್ನು ಪರಿಶೀಲಿಸದೆ ಮಂಡಿಸಿದ ಹೊಣೆ ನನ್ನದು’ ಎಂದು ಮರಾಠಿಯಲ್ಲಿ ಬರೆದರು. ಅವರ ಕೈಬರಹ ಆ ದಿನ ಎಂದಿಗಿಂತ ಚಿಕ್ಕದಾಗಿತ್ತು. ಚಹಾ ತಣ್ಣಗಾಗುತ್ತದೆ, ಕುಡಿಯಿರಿ ಎಂದು ಗದರಿದರು.

ಫೈಲು ಆಯುಕ್ತರ ಕಚೇರಿಯಲ್ಲಿ ಹದಿನಾರು ದಿನ ಕೂತಿತು. ದಿನಾ ಒಂದು ನೆಪ ಹೇಳಿಕೊಂಡು ಹೋಗಿ ಅಲ್ಲಿನ ಗುಮಾಸ್ತರನ್ನು ಕಾಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನಂತೆ ಸಹಿಯಾದ ಮೇಲೂ ಜಾವಕ್ ನಂಬರು, ಅಂದರೆ ಹೊರಹೋಗುವ ಕಾಗದದ ಸಂಖ್ಯೆ, ಬೀಳಲು ಎರಡು ದಿನ ಹಿಡಿಯಿತು. ವಿಚಾರಣೆಯ ಹಿಂದಿನ ಸಂಜೆ ಆದೇಶ ಕೈಗೆ ಬಂತು. ನಾಲ್ಕು ಸುತ್ತೋಲೆಗಳು ಹಿಂಪಡೆಯಲ್ಪಟ್ಟಿದ್ದವು. ಸಿನಿಮಾ ಮಂದಿರಗಳೂ ಅಂದು ಅಧಿಕೃತವಾಗಿ ತೆರೆದವು.

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಆದೇಶವನ್ನು ಓದಿದೆ. ಸೊಸೈಟಿಯ ವಕೀಲರು ಏನೋ ಹೇಳಲು ಎದ್ದರು. ಸೆಕ್ರೆಟರಿ ಅವರ ತೋಳು ಹಿಡಿದು ಕೂರಿಸಿ ತಾವೇ ಹೇಳಿದರು: ತೆಗೆಯುವ ಆದೇಶ ಬಂದಿದೆ, ನಮ್ಮ ತಕರಾರಿಲ್ಲ. ಉಪ ನಿಬಂಧಕರು ಠರಾವನ್ನು ರದ್ದು ಮಾಡಿದರು. ಅದೇ ಸಂಜೆ ಸೆಕ್ರೆಟರಿ ಬೋರ್ಡಿನ ಬೀಗ ತೆಗೆದು ಆ ಕಾಗದವನ್ನು ಬಿಡಿಸಿದರು. ಪಿನ್ನುಗಳು ತುಕ್ಕು ಹಿಡಿದಿದ್ದರಿಂದ ಕಾಗದ ಹರಿಯಿತು. ಚೂರುಗಳನ್ನು ಕಸದ ಬುಟ್ಟಿಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೋದರು ಎಂದು ಅಕ್ಕ ನನಗೆ ಫೋನಿನಲ್ಲಿ ಹೇಳಿದರು.

ಗೆದ್ದೆವು ಎಂದು ನಾನು ತಿಳಿದೆ. ವಾರವಾದ ಮೇಲೆ ಫೋನ್ ಮಾಡಿ, ಎಷ್ಟು ಮಕ್ಕಳು ಬಂದರು ಎಂದು ಕೇಳಿದೆ.

“ಯಾರೂ ಬರ್ಲಿಲ್ಲ.”

“ಆದೇಶದ ವಿಷಯ ಗೊತ್ತಲ್ಲ ಅವರಿಗೆ?”

“ಎಲ್ಲ ಗೊತ್ತುಂಟು. ಕಂಗ್ರಾಟ್ಸ್ ಅಂತ ಹೇಳಿ ಹೋಗ್ತಾರೆ ಮೇಡಂ. ಮಗುವನ್ನು ಬಿಡುದಿಲ್ಲ.”

ಮೇ ಕೊನೆಯ ಶನಿವಾರ ಆದೇಶದ ದೃಢೀಕೃತ ಪ್ರತಿ ಕೊಡುವ ನೆಪದಲ್ಲಿ ಅವರ ಮನೆಗೆ ಹೋದೆ. ಪ್ರತಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಜೂನಿಗೆ ಮೂರೇ ದಿನವಿತ್ತು, ಕಚೇರಿಯಲ್ಲಿ ಕೂರಲಾಗಲಿಲ್ಲ. ಮುಂದಿನ ಕೋಣೆಯಲ್ಲಿ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಗಿಡ್ಡ ಕುರ್ಚಿಗಳು ಒಂದರೊಳಗೊಂದು ಕೂತಿದ್ದವು. ಅಕ್ಕ ನನಗೆ ನೀರು ಮಜ್ಜಿಗೆ ಕೊಟ್ಟು ಎದುರು ಕೂತರು. ನಾನು ಬರೆದ ಆದೇಶಕ್ಕೆ ಬೋರ್ಡಿನಿಂದ ಕಾಗದ ತೆಗೆಸುವ ಶಕ್ತಿ ಇತ್ತು, ಜನರ ತಲೆಯಿಂದ ತೆಗೆಸುವ ಶಕ್ತಿ ಇರಲಿಲ್ಲ. ಅಷ್ಟು ಸಣ್ಣ ಸಂಗತಿ ನನಗೆ ಅಲ್ಲಿ ಕೂತಾಗ ಅರ್ಥವಾಯಿತು, ಅತ್ತುಬಿಡುವಷ್ಟು ಬೇಸರವಾಯಿತು.

ಬಾಗಿಲು ತೆರೆದೇ ಇತ್ತು. ಮೇಲಿನ ಮಹಡಿಯ ಹುಡುಗಿಯೊಬ್ಬಳು ಹೊಸ್ತಿಲ ಬಳಿ ನಿಂತಳು. ಠಾಣೆಯ ಬ್ಯಾಂಕಿನಲ್ಲಿ ಕೆಲಸ, ಎರಡು ವರ್ಷದ ಗಂಡು ಮಗು, ಹಿಂದೆ ಇಲ್ಲೇ ಬಿಡುತ್ತಿದ್ದವಳು ಎಂದು ಅಕ್ಕ ಪರಿಚಯಿಸಿದರು. ತಾಯಿತಂದೆ ಮಂಗಳೂರಿನವರಾದರೂ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ನನ್ನ ಕೈಯಲ್ಲಿದ್ದ ಪ್ರತಿಯನ್ನು ಇಸಕೊಂಡು ನಿಂತಲ್ಲೇ ಪೂರ್ತಿ ಓದಿದಳು.

“ಮ್ಯಾಡಮ್, ಇಸ್ ಮೇ ಐಸಾ ಲಿಖಾ ಹೈ ಕ್ಯಾ ಕಿ ಬಚ್ಚೇ ಕೋ ಕುಛ್ ನಹೀಂ ಹೋಗಾ?”

ಮಗುವಿಗೆ ಏನೂ ಆಗುವುದಿಲ್ಲ ಎಂದು ಇದರಲ್ಲಿ ಬರೆದಿದೆಯೇ ಎಂಬ ಪ್ರಶ್ನೆ. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

“ಇಲ್ಲಮ್ಮ. ಅದನ್ನ ಯಾವ ಆದೇಶದಲ್ಲೂ ಬರೆಯೋಕಾಗಲ್ಲ” ಎಂದೆ. ಇದ್ದ ಒಂದು ಅವಕಾಶವನ್ನೂ ನಾನೇ ಕೆಡಿಸಿದೆ ಅನಿಸಿತು.

ಅಕ್ಕ ಕೂತಲ್ಲಿಂದಲೇ ಹೇಳಿದರು. “ನಾನೂ ಹೇಳುದಿಲ್ಲ ಮಗಾ. ಜ್ವರ ನನ್ನನ್ನು ಕೇಳಿ ಬರುದಿಲ್ಲ. ಬಂದ್ರೆ ಆರು ಗಂಟೆಗೆ, ನೀನು ಟಿಫಿನ್ ಕಟ್ಟುವ ಮೊದಲೇ ಫೋನ್ ಮಾಡ್ತೇನೆ. ಅಷ್ಟು ಮಾತ್ರ ನನ್ನ ಕೈಯಲ್ಲಿ ಇರುದು.”

ಹುಡುಗಿ ಕಾಗದವನ್ನು ಮಡಿಸಿದಳು, ಬಿಡಿಸಿದಳು. “ಉಸ್ ದಿನ್ ಭೀ ಕಿಯಾ ಥಾ ಆಪ್ ನೇ” ಎಂದಳು ಮೆಲ್ಲಗೆ. ಆ ಆಗಸ್ಟಿನಲ್ಲೂ ಹಾಗೇ ಮಾಡಿದ್ದಿರಿ ಎಂದು. ಆಮೇಲೆ ನನ್ನ ಕಡೆ ತಿರುಗಿ ತಡೆತಡೆದು ವಿವರಿಸಿದಳು: ಬೋರ್ಡಿಗೆ ಹೆಸರು ಬಿದ್ದದ್ದು ಎರಡು ವಾರದ ಮೇಲೆ. ಆಂಟಿ ಮೊದಲ ದಿನ ಬೆಳಗ್ಗೆಯೇ ಎಲ್ಲ ತಾಯಂದಿರಿಗೂ ಫೋನ್ ಮಾಡಿ, ನನಗೆ ಜ್ವರ, ಮಕ್ಕಳನ್ನು ತರಬೇಡಿ ಎಂದಿದ್ದರು. ಬೋರ್ಡು ನೋಡಿದ ಮೇಲೆ ಆ ಫೋನು ಮರೆತೇಹೋಯಿತು.

ಇಷ್ಟು ತಿಂಗಳಲ್ಲಿ ಆ ಫೋನುಗಳ ವಿಷಯವನ್ನು ಅಕ್ಕ ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅದು ಎಂತ ಹೇಳುದು? ಎಲ್ಲರೂ ಮಾಡುದೇ ಅಲ್ವಾ?”

ಸೋಮವಾರ ಕರಡಿನಲ್ಲಿ ಆ ಮಾತನ್ನು ಸರ್ಕಾರಿ ಭಾಷೆಗೆ ಇಳಿಸಿ ಒಂದು ನಿಯಮವಾಗಿ ಸೇರಿಸಿದೆ: ರೋಗ ಬಂದವರೇ ತಮ್ಮ ಸಂಪರ್ಕದವರಿಗೆ ತಿಳಿಸಲು ಮೊದಲ ಅವಕಾಶ ಕೊಡತಕ್ಕದ್ದು, ಬೇರೆ ಯಾರಿಗೂ ಹೆಸರು ತಿಳಿಸತಕ್ಕದ್ದಲ್ಲ. ಮೇಲಿನವರು ಅದನ್ನು ಇಟ್ಟುಕೊಂಡರೋ ಹೊಡೆದುಹಾಕಿದರೋ ನನಗೆ ಇವತ್ತಿಗೂ ತಿಳಿಯದು. ನನ್ನ ಗುತ್ತಿಗೆಯನ್ನು ನವೀಕರಿಸಿದರು, ಎರಡು ತಿಂಗಳು ತಡವಾಗಿ.

ಆದರೆ ಅದು ಆಮೇಲಿನ ಮಾತು. ಅಂದು ಹುಡುಗಿ ಹೊಸ್ತಿಲಲ್ಲೇ ನಿಂತು ತನ್ನ ಬೆಳಗುಗಳ ಬಗ್ಗೆ ಹೇಳತೊಡಗಿದಳು. ಮಗುವನ್ನು ಎತ್ತಿಕೊಂಡು ಲೇಡೀಸ್ ಡಬ್ಬಿ ಹತ್ತುವುದು, ದಿವಾ ಸ್ಟೇಷನ್ನಿನಲ್ಲಿ ಇಳಿಯಲು ಹೆಂಗಸರ ಕಾಲಿಗೆ ಬೀಳುವುದು, ಅಲ್ಲಿ ತಾಯಿಯ ಮನೆಯಲ್ಲಿ ಮಗುವನ್ನು ಬಿಟ್ಟು ಮತ್ತೆ ಠಾಣೆಯ ಗಾಡಿ ಹಿಡಿಯುವುದು. ಹೇಳುತ್ತ ಹೇಳುತ್ತ ಅವಳೇ ನಿಲ್ಲಿಸಿದಳು.

“ಆಂಟಿ, ಸೋಮವಾರ್ ಸೇ ಲಾವೂಂ?” ಸೋಮವಾರದಿಂದ ಮಗುವನ್ನು ತರಲೇ ಎಂದು.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು.

“ಅವ ಈಗ್ಲೂ ಮೊಸರನ್ನ ಮಾತ್ರ ತಿನ್ನುದಾ? ಬೇಳೆ ಕಲ್ಸಿದ್ಯಾ?”

“ದಾಲ್ ಥೂಕ್ ದೇತಾ ಹೈ.”

“ಉಗಿಯಲಿ. ನಾನು ತಿನ್ನಿಸ್ತೇನೆ. ಏಳೂ ಕಾಲಿಗೆ ತಾ.”

ಹುಡುಗಿ ತಲೆಯಾಡಿಸಿ ಮೆಟ್ಟಿಲು ಹತ್ತಿ ಹೋದಳು. ಅವಳ ಚಪ್ಪಲಿಯ ಸದ್ದು ನಿಲ್ಲುವವರೆಗೂ ಅಕ್ಕ ಬಾಗಿಲ ಕಡೆಗೇ ನೋಡುತ್ತಿದ್ದರು. ಎರಡೂ ವಿಚಾರಣೆಗಳಲ್ಲಿ ಒಮ್ಮೆಯೂ ಕಣ್ಣು ತೇವ ಮಾಡಿಕೊಳ್ಳದವರು. ಎದ್ದು, ಸುತ್ತಿಟ್ಟಿದ್ದ ಚಾಪೆಗಳಲ್ಲಿ ಒಂದನ್ನು ಎಳೆದರು, ಮತ್ತೆ ಅಲ್ಲೇ ಒರಗಿಸಿದರು, ಗೋಡೆಯ ಕಡೆ ಮುಖ ಮಾಡಿ ನಿಂತರು.

“ನೀವು ಹೊರಡಿ ಮೇಡಂ. ನಂಗೆ ನೆಲ ಒರೆಸ್ಲಿಕ್ಕುಂಟು.”

ನೆಲ ಆಗಲೇ ಒರೆಸಿ ಹೊಳೆಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ಎಳೆದುಕೊಂಡೆ. ಮೆಟ್ಟಿಲಿಳಿಯುವಾಗ ಒಳಗೆ ನಲ್ಲಿ ಬಿಟ್ಟು ಬಕೆಟ್ಟಿಗೆ ನೀರು ತುಂಬಿಸುವ ಸದ್ದು ಕೇಳಿಸಿತು.